ಪರದೆಯ ಯಾವ ಭಾಗ ಯಾರ ಕೈಯಲ್ಲಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪಾಗಲಿ, ಹೊಸ ಪ್ರೊಸೆಸರ್ ಆಗಲಿ ಇಲ್ಲದ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರಿಗೆ ಮೊದಲ ಸಂಜೆಯೇ ಹತ್ತುವ ಗೀಳು ಪರದೆಯ ಸಿಂಗಾರ. ಚೆಂದದ ಕಪ್ಪು ಥೀಮೊಂದನ್ನು ಇಳಿಸಿ ಹಚ್ಚುತ್ತಾರೆ. ಒಂದು ಕಿಟಕಿ ಕಪ್ಪಾಗುತ್ತದೆ, ಪಕ್ಕದ್ದು ಬೆಳ್ಳಗೇ ಉಳಿಯುತ್ತದೆ, ಮೂರನೆಯದರ ಅಂಚು ಮಾತ್ರ ಬದಲಾಗುತ್ತದೆ.

ಥೀಮ್ ಕೆಟ್ಟಿದೆ ಎಂದು ಅದನ್ನು ಕಿತ್ತೆಸೆಯುವ ಮೊದಲು ಒಂದು ವಿಷಯ ತಿಳಿದಿರಬೇಕು. ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಎಂದರೆ ಒಂದೇ ಪ್ರೋಗ್ರಾಮ್ ಅಲ್ಲ. ನಾಲ್ಕೈದು ಪ್ರೋಗ್ರಾಮುಗಳು ಪರದೆಯನ್ನು ಪಾಲು ಮಾಡಿಕೊಂಡು ತಮ್ಮ ತಮ್ಮ ಭಾಗವನ್ನಷ್ಟೇ ಬಿಡಿಸುತ್ತವೆ. ಹಳೆಯ ಯಂತ್ರಗಳಿಗೆ ಹಗುರವೆಂದು ಹೆಸರಾದ ಎಕ್ಸ್‌ಎಫ್‌ಸಿಇಯಲ್ಲಿ ಈ ಪಾಲು ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಒಲಿವಿಯರ್ ಫೋರ್ಡಾನ್ 1996ರಲ್ಲಿ ಶುರುಮಾಡಿದ ಈ ಡೆಸ್ಕ್‌ಟಾಪ್ ಇವತ್ತು ಲಿನಕ್ಸ್ ಮಿಂಟ್‌ನ ಒಂದು ಆವೃತ್ತಿಯಲ್ಲೂ ಕ್ಸುಬುಂಟುವಿನಲ್ಲೂ ಸಿಗುತ್ತದೆ.

ಕಿಟಕಿಯ ಚೌಕಟ್ಟು, ಶೀರ್ಷಿಕೆಪಟ್ಟಿ, ಮುಚ್ಚುವ ಗುಂಡಿ ಇವು ವಿಂಡೋ ಮ್ಯಾನೇಜರಿನ ಪಾಲು. ಕಿಟಕಿಯ ಒಳಗಿನ ಮೆನು, ಬಟನ್, ಬಣ್ಣಗಳೆಲ್ಲ ಜಿಟಿಕೆ ಎಂಬ ಟೂಲ್‌ಕಿಟ್‌ನದು. ಮೇಲಿನ ಅಥವಾ ಕೆಳಗಿನ ಪಟ್ಟಿ ಪ್ಯಾನೆಲ್ಲಿನದು. ಹಿನ್ನೆಲೆ ಚಿತ್ರಕ್ಕೆ ಬೇರೆಯೇ ಪ್ರೋಗ್ರಾಮ್. ಹಾಗಾಗಿಯೇ ಸೆಟ್ಟಿಂಗ್ಸ್‌ನಲ್ಲಿ ‘ಅಪಿಯರೆನ್ಸ್’ ಒಂದು ಕಡೆ, ‘ವಿಂಡೋ ಮ್ಯಾನೇಜರ್’ ಇನ್ನೊಂದು ಕಡೆ ಇದ್ದು ಎರಡರಲ್ಲೂ ‘ಸ್ಟೈಲ್’ ಎಂಬ ಪುಟವಿದೆ. ಮೊದಲನೆಯದು ಒಳಗನ್ನು, ಎರಡನೆಯದು ಚೌಕಟ್ಟನ್ನು ಬದಲಿಸುತ್ತದೆ. ಎರಡನ್ನೂ ಜೋಡಿಯಾಗಿ ಬದಲಿಸುವ ಆಯ್ಕೆ ಹೊಸ ಆವೃತ್ತಿಗಳಲ್ಲಿದೆ.

ಅಷ್ಟಾದರೂ ಮಾತು ಕೇಳದ ಕಿಟಕಿಗಳು ಇರುತ್ತವೆ. ವಿಎಲ್‌ಸಿ ಪ್ಲೇಯರ್ ಕ್ಯೂಟಿ ಎಂಬ ಬೇರೆ ಟೂಲ್‌ಕಿಟ್‌ನ ಮೇಲೆ ನಿಂತಿರುವುದರಿಂದ ಜಿಟಿಕೆ ಥೀಮಿಗೆ ಅದು ತಾನಾಗಿ ಬಗ್ಗುವುದಿಲ್ಲ. ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪಿನ ತಂಡದ ಹೊಸ ಅಪ್ಲಿಕೇಶನ್‌ಗಳಂತೂ ತಮ್ಮ ಶೀರ್ಷಿಕೆಪಟ್ಟಿಯನ್ನು ತಾವೇ ಬಿಡಿಸಿಕೊಳ್ಳುತ್ತವೆ. 2022ರಿಂದ ಅವು ಲಿಬ್‌ಅದ್ವೈತ ಎಂಬ ಲೈಬ್ರರಿಯನ್ನು ಬಳಸತೊಡಗಿ, ಹೊರಗಿನ ಥೀಮನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನೇ ಬಿಟ್ಟಿವೆ. ಅವುಗಳ ಜೊತೆ ಗುದ್ದಾಡಿ ಸಂಜೆ ಕಳೆಯುವ ಬದಲು, ಅದೇ ಕೆಲಸ ಮಾಡುವ ಬೇರೆ ಅಪ್ಲಿಕೇಶನ್ ಹುಡುಕುವುದು ಮೇಲು.

ಇಳಿಸಿಕೊಂಡ ಥೀಮನ್ನು ಹಾಕುವ ಕೆಲಸ ಸುಲಭ. ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಚುಕ್ಕಿಯಿಂದ ಶುರುವಾಗುವ ಅಡಗಿದ ಫೋಲ್ಡರುಗಳು ಕಾಣುತ್ತವೆ. ಡಾಟ್ ಥೀಮ್ಸ್‌ಗೆ ಥೀಮು, ಡಾಟ್ ಐಕಾನ್ಸ್‌ಗೆ ಐಕಾನು. ಇಲ್ಲದಿದ್ದರೆ ಆ ಫೋಲ್ಡರನ್ನು ನಾವೇ ಮಾಡಿಕೊಳ್ಳಬಹುದು. ಆಯ್ದುಕೊಂಡ ಐಕಾನ್ ಸೆಟ್‌ನಲ್ಲಿ ಯಾವುದೋ ಚಿತ್ರ ಇಲ್ಲವೆಂದರೆ, ಆ ಸೆಟ್ ತನ್ನ ಹಿಂದಿನದೆಂದು ಹೆಸರಿಸಿರುವ ಇನ್ನೊಂದು ಸೆಟ್‌ನಲ್ಲಿ ಹುಡುಕಾಟ ನಡೆಯುತ್ತದೆ. ಒಂದೇ ಸಾಲಿನಲ್ಲಿ ಎರಡು ಬಗೆಯ ಐಕಾನ್ ಕಾಣುವುದು ಅದಕ್ಕೇ.

ಕನ್ನಡದವರಿಗೆ ನಿಜವಾದ ತೊಡಕು ಕಾಡುವುದು ಅಕ್ಷರಗಳಲ್ಲಿ. ಆಯ್ದ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆ ಕನ್ನಡ ಇರುವ ಬೇರೊಂದು ಫಾಂಟನ್ನು ತಾನೇ ಹುಡುಕಿ ತಂದು ಕೂರಿಸುತ್ತದೆ. ಅದು ತಂದದ್ದು ನಮಗೆ ಇಷ್ಟವಾಗಲೇಬೇಕೆಂದಿಲ್ಲ. ನೋಟೋ ಸಾನ್ಸ್ ಕನ್ನಡವನ್ನೋ ಲೋಹಿತ್ ಕನ್ನಡವನ್ನೋ ನಾವೇ ಹಾಕಿಕೊಂಡು ಅಪಿಯರೆನ್ಸ್‌ನ ಫಾಂಟ್ ಪುಟದಲ್ಲಿ ಆರಿಸಿಬಿಡುವುದು ಲೇಸು. ಇನ್ನು ಶೀರ್ಷಿಕೆಪಟ್ಟಿ. ಎಕ್ಸ್‌ಎಫ್‌ಸಿಇಯ ಚೌಕಟ್ಟು ಸಣ್ಣ ಸಣ್ಣ ಚಿತ್ರಗಳನ್ನು ಜೋಡಿಸಿ ಮಾಡಿದ್ದು. ಅದರ ಎತ್ತರ ಆ ಚಿತ್ರಗಳಷ್ಟೇ. ಇಂಗ್ಲಿಷ್ ಹೆಸರಿಗೆ ಸಾಕಾಗುವ ಆ ಜಾಗದಲ್ಲಿ ‘ರಾಷ್ಟ್ರೀಯ’ ಎಂಬ ಕಡತ ತೆರೆದರೆ ಒತ್ತಿನ ಕೆಳಗಿನ ಒತ್ತು ಕತ್ತರಿಸಿಹೋಗಬಹುದು. ಆಗ ಶೀರ್ಷಿಕೆಯ ಫಾಂಟನ್ನು ಒಂದು ಅಳತೆ ಇಳಿಸಬೇಕು, ಇಲ್ಲವೇ ದಪ್ಪ ಪಟ್ಟಿಯ ಥೀಮಿಗೆ ಹೋಗಬೇಕು. ಜೊತೆಗೇ ಬರುವ ‘ಡಿಫಾಲ್ಟ್-ಎಚ್‌ಡಿಪಿಐ’ ಅಂಥದ್ದು. ನೋಡಲು ಸಪ್ಪೆ, ಆದರೆ ಒತ್ತಕ್ಷರ ಉಳಿಯುತ್ತದೆ.

ಟೈಪಿಂಗಿಗೆ ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಕನ್ನಡ ವಿನ್ಯಾಸ ಸೇರಿಸಬಹುದು, ಆದರೆ ಅಲ್ಲಿ ಒಂದು ಕೀಲಿಗೆ ಒಂದು ಗೊತ್ತಾದ ಅಕ್ಷರ. ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳುಗಳಿಗೆ ಅದು ಒಗ್ಗುವುದಿಲ್ಲ. ನುಡಿ ಬಳಸುವ, ಕೆ.ಪಿ. ರಾವ್ ರೂಪಿಸಿದ, ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿದ ವಿನ್ಯಾಸದಲ್ಲಿ ಸ್ವರದ ಕೀಲಿಯೇ ವ್ಯಂಜನದ ಬೆನ್ನಿಗೆ ಬಂದಾಗ ಗುಣಿತದ ಚಿಹ್ನೆಯಾಗುತ್ತದೆ. ಹಿಂದಿನ ಅಕ್ಷರ ನೋಡಿ ನಿರ್ಧರಿಸುವ ಆ ಜಾಣತನಕ್ಕೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ ಬೇಕು. ಅದರ ಎಂ17ಎನ್ ಪಟ್ಟಿಯಲ್ಲಿ ಕನ್ನಡದ ಕೆಜಿಪಿ ಆರಿಸಿಕೊಳ್ಳಿ. ಭಾಷೆ ಬದಲಿಸಲು ಐಬಸ್ ಸೂಪರ್ (ವಿಂಡೋಸ್ ಚಿಹ್ನೆಯ ಕೀಲಿ) ಮತ್ತು ಸ್ಪೇಸ್ ಕೀಲಿಗಳನ್ನು ಕೇಳುತ್ತದೆ. ವಿಂಡೋಸ್ ಅಭ್ಯಾಸದಿಂದ ಬರೀ ಸೂಪರ್ ಕೀಲಿಗೆ ಮೆನು ಕಟ್ಟಿದ್ದರೆ ಎಕ್ಸ್‌ಎಫ್‌ಸಿಇಯ ಹಲವು ಆವೃತ್ತಿಗಳಲ್ಲಿ ಮೆನು ಮಧ್ಯೆ ಬಾಯಿ ಹಾಕುತ್ತದೆ. ಐಬಸ್‌ನ ಶಾರ್ಟ್‌ಕಟ್ ಬದಲಿಸಿದರೆ ಜಗಳ ಮುಗಿಯಿತು.

ಬಣ್ಣ ಎರಡು ವಾರಕ್ಕೆ ಹಳತಾಗುತ್ತದೆ, ಸಲಕರಣೆ ದಿನವೂ ಕೆಲಸಕ್ಕೆ ಬರುತ್ತದೆ. ಕಡತಗಳ ಕಿಟಕಿಯಾದ ಥುನಾರ್‌ನಲ್ಲಿ ಎಡಿಟ್ ಮೆನುವಿನಡಿ ‘ಕಸ್ಟಮ್ ಆಕ್ಷನ್ಸ್’ ಎಂಬುದನ್ನು ಹೆಚ್ಚಿನವರು ತೆರೆದೂ ನೋಡಿರುವುದಿಲ್ಲ. ಒಂದು ಹೆಸರು, ಒಂದು ಕಮಾಂಡ್, ಯಾವ ಬಗೆಯ ಕಡತಕ್ಕೆ ಎಂಬ ಗುರುತು ಇಷ್ಟು ಕೊಟ್ಟರೆ ಬಲ ಕ್ಲಿಕ್ಕಿನ ಮೆನುವಿಗೆ ಹೊಸ ಸಾಲು ಬರುತ್ತದೆ. ಅರ್ಜಿ ತುಂಬುವಾಗಲೆಲ್ಲ ಫೋಟೋ ಇಂತಿಷ್ಟು ಕೆಬಿ ಒಳಗಿರಲಿ ಎಂಬ ಕಾಟವಿದೆಯಲ್ಲ, ಚಿತ್ರ ತಿದ್ದುವ ಇಮೇಜ್‌ಮ್ಯಾಜಿಕ್‌ನ ಕಮಾಂಡ್ ಬರೆದಿಟ್ಟರೆ ‘ಫೋಟೋ ಕುಗ್ಗಿಸು’ ಎಂಬ ಸಾಲು ಅಲ್ಲೇ ಸಿಗುತ್ತದೆ. ಅದರ ಮಾಗ್ರಿಫೈ ಕಮಾಂಡ್ ಮಾತ್ರ ಮೂಲ ಚಿತ್ರದ ಮೇಲೆಯೇ ಬರೆದುಬಿಡುತ್ತದೆ. ಹೊಸ ಹೆಸರಿನಲ್ಲಿ ಉಳಿಸುವ ಕನ್ವರ್ಟ್ ಕಮಾಂಡೇ ಕ್ಷೇಮ. ಹಲವು ಕಡತಗಳನ್ನು ಆರಿಸಿ ಎಫ್2 ಒತ್ತಿದರೆ ಎಲ್ಲದರ ಹೆಸರನ್ನೂ ಒಟ್ಟಿಗೆ ಬದಲಿಸಬಹುದು. ಕಾಪಿ ಮಾಡಿದ ಹಿಂದಿನ ತುಣುಕುಗಳನ್ನು ನೆನಪಿಡಲು ಪ್ಯಾನೆಲ್ಲಿಗೆ ಕ್ಲಿಪ್‌ಮ್ಯಾನ್ ಸೇರಿಸಿ.

ಯಂತ್ರ ತೀರಾ ಹಳೆಯದಾದರೆ ‘ವಿಂಡೋ ಮ್ಯಾನೇಜರ್ ಟ್ವೀಕ್ಸ್’ನಲ್ಲಿ ಕಾಂಪೋಸಿಟರ್ ಆಫ್ ಮಾಡಿ ನೋಡಬಹುದು. ನೆರಳು, ಪಾರದರ್ಶಕತೆ ಹೋಗುತ್ತವೆ, ಗ್ರಾಫಿಕ್ಸ್ ಚಿಪ್ಪಿನ ಹೊರೆ ತಗ್ಗುತ್ತದೆ.

ಈ ಸೆಟ್ಟಿಂಗ್‌ಗಳಲ್ಲಿ ಬಹುಪಾಲು ಹೋಮ್‌ನ ಡಾಟ್ ಕಾನ್ಫಿಗ್ ಫೋಲ್ಡರಿನೊಳಗೆ ಎಕ್ಸ್‌ಎಫ್‌ಸಿಇಯ ಹೆಸರಿನಲ್ಲೇ ಇರುವ ಉಪಫೋಲ್ಡರಿನಲ್ಲಿ ಕೂತಿರುತ್ತವೆ. ಪ್ರಯೋಗಕ್ಕೆ ಇಳಿಯುವ ಮೊದಲು ಅದರದೊಂದು ಪ್ರತಿ ತೆಗೆದಿಡಿ. ಹಿಂದಕ್ಕೆ ಹಾಕುವಾಗ ಲಾಗ್‌ಔಟ್ ಆಗಿ ಅಡ್ಮಿನ್ ಹಕ್ಕಿರುವ ಬೇರೊಂದು ಖಾತೆಯಿಂದಲೋ ಡೆಸ್ಕ್‌ಟಾಪ್ ಇಲ್ಲದ ಬರೀ ಅಕ್ಷರದ ಟರ್ಮಿನಲ್ಲಿನಿಂದಲೋ ಹಾಕಬೇಕು. ಡೆಸ್ಕ್‌ಟಾಪ್ ಓಡುತ್ತಿರುವಾಗ ಹಾಕಿದರೆ, ಸೆಟ್ಟಿಂಗ್ ಕಾಯುವ ಪ್ರೋಗ್ರಾಮ್ ತನ್ನ ನೆನಪಿನಲ್ಲಿರುವುದನ್ನೇ ಮತ್ತೆ ಅದರ ಮೇಲೆ ಬರೆದುಬಿಡಬಹುದು.