ಗಲ್ಲಾಪೆಟ್ಟಿಗೆಯ ಕೀಲಿ ಯಾರ ಕೈಗೆ?

ತಾಲ್ಲೂಕು ಕೇಂದ್ರವೊಂದರ ಬಸ್ ಸ್ಟ್ಯಾಂಡ್ ರಸ್ತೆಯಲ್ಲೊಂದು ಹಾರ್ಡ್‌ವೇರ್ ಅಂಗಡಿ ಎಂದಿಟ್ಟುಕೊಳ್ಳಿ. ಮೂವತ್ತು ವರ್ಷದ ವ್ಯಾಪಾರ, ಊರಿಗೆಲ್ಲ ಗೊತ್ತಿರುವ ಹೆಸರು. ಯಜಮಾನರು ತೀರಿಕೊಂಡರು. ತಿಥಿ ಕಾರ್ಯ ಮುಗಿದ ಮಾರನೆಯ ದಿನ ಮಗ ಶಟರ್ ಎತ್ತುತ್ತಾನೆ. ಸರಕು ಇಟ್ಟಲ್ಲೇ ಇದೆ, ಕೆಲಸದ ಹುಡುಗರು ಬಂದಿದ್ದಾರೆ, ಗಿರಾಕಿಗಳೂ ಬರತೊಡಗುತ್ತಾರೆ. ಮೊದಲ ಗಿರಾಕಿ ಫೋನ್ ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡುತ್ತಾನೆ. ದುಡ್ಡು ಹೋಗಿ ಸೇರುವುದು ತೀರಿಕೊಂಡವರ ಖಾತೆಗೆ. ಬಿಲ್ಲಿನ ತಲೆಯಲ್ಲಿರುವ ಜಿಎಸ್‌ಟಿ ನಂಬರು ಅವರ ಪ್ಯಾನ್ ಮೇಲೆ ಪಡೆದದ್ದು. ಉದ್ಯಮ್ ನೋಂದಣಿ, ಟ್ರೇಡ್ ಲೈಸೆನ್ಸ್, ಮಳಿಗೆಯ ಬಾಡಿಗೆ ಕರಾರು, ಬ್ಯಾಂಕಿನ ಸಿಸಿ ಸಾಲ ಎಲ್ಲವೂ ಅವರ ಹೆಸರಿನಲ್ಲೇ.

ನಮ್ಮ ಪೇಟೆಬೀದಿಗಳಲ್ಲಿ ಕಾಣುವ ಸಣ್ಣ ಅಂಗಡಿಗಳು ಹೆಚ್ಚಾಗಿ ಪ್ರೊಪ್ರೈಟರ್‌ಶಿಪ್‌ನವು, ಅಂದರೆ ಮಾಲೀಕರು ಒಬ್ಬರೇ. ಬೋರ್ಡಿನ ಮೇಲೆ ದೇವರ ಹೆಸರಿರಲಿ, ಮಗಳ ಹೆಸರಿರಲಿ, ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಅದಕ್ಕೆ ಕಾಣುವುದು ಒಬ್ಬ ಮನುಷ್ಯ, ಅವನ ಆಸ್ತಿ, ಅವನ ಸಾಲ, ಅವನಿಗೆ ಕೊಟ್ಟ ಪರವಾನಗಿ. ಅವನು ಹೋದ ದಿನ ಇವೆಲ್ಲ ಬಿಡಿಬಿಡಿಯಾಗಿ ಒಂದೊಂದು ದಾರಿ ಹಿಡಿಯುತ್ತವೆ. ಮನೆ, ಸೈಟು, ಜಮೀನು ಯಾರಿಗೆ ಎಂದು ಯೋಚಿಸಿ ವಿಲ್ ಬರೆಸಿದವರು ಕೂಡ ಅಂಗಡಿಯ ವಿಷಯಕ್ಕೆ ಬಂದರೆ ‘ಅದನ್ನು ಹುಡುಗ ನೋಡ್ಕೋತಾನೆ ಬಿಡಿ’ ಎಂದಿರುತ್ತಾರೆ. ಪೌತಿ ಖಾತೆ ಆಗುವುದು ಎರಡು ವರ್ಷ ತಡವಾದರೆ ಜಮೀನು ಎಲ್ಲಿಗೂ ಓಡುವುದಿಲ್ಲ. ಅಂಗಡಿಗೆ ಒಂದು ತಿಂಗಳು ಸರಕು ಬರದಿದ್ದರೆ ಗಿರಾಕಿ ಎದುರಿನ ಅಂಗಡಿಗೆ ಹೋಗಿರುತ್ತಾನೆ.

ಜಿಎಸ್‌ಟಿಯನ್ನೇ ನೋಡಿ. ಹಳೆಯ ನಂಬರನ್ನು ಮಗನ ಹೆಸರಿಗೆ ತಿದ್ದಿಸಲು ಬರುವುದಿಲ್ಲ. ವ್ಯಾಪಾರ ಮುಂದುವರಿಸುವವರು 30 ದಿನದೊಳಗೆ ತಮ್ಮ ಪ್ಯಾನ್ ಮೇಲೆ ಹೊಸ ನೋಂದಣಿಗೆ ಅರ್ಜಿ ಹಾಕಬೇಕು. ಹಳೆಯ ಲೆಕ್ಕದಲ್ಲಿ ಬಳಕೆಯಾಗದೆ ಉಳಿದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ಐಟಿಸಿ-02 ಫಾರಂ ಮೂಲಕ ಹೊಸದಕ್ಕೆ ತಂದುಕೊಳ್ಳಬೇಕು. ಹಳೆಯದನ್ನು ರದ್ದು ಮಾಡಿಸುವುದು ಆಮೇಲೆ. 2019ರ ಮಾರ್ಚ್‌ನಲ್ಲಿ ಹೊರಟ ಸುತ್ತೋಲೆಯೊಂದು ಇದನ್ನೆಲ್ಲ ವಿವರಿಸಿದೆ, ಆಡಿಟರಿಗೆ ಗೊತ್ತಿರುತ್ತದೆ. ಮನೆಯವರು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಜಿಎಸ್‌ಟಿ ಕಾಯ್ದೆಯ 93ನೆಯ ಸೆಕ್ಷನ್ ಪ್ರಕಾರ, ವ್ಯಾಪಾರ ನಿಂತುಹೋದರೆ ಹಳೆಯ ತೆರಿಗೆ ಬಾಕಿಯ ಹೊಣೆ ತೀರಿಕೊಂಡವರು ಬಿಟ್ಟುಹೋದ ಆಸ್ತಿಯಷ್ಟಕ್ಕೇ ಸೀಮಿತ. ಮುಂದುವರಿಸಿದರೆ, ಮುಂದುವರಿಸಿದವರೇ ಹೊಣೆ. ಅಲ್ಲಿ ಆ ಮಿತಿಯ ಮಾತಿಲ್ಲ. ಹಾಗಾಗಿ ಶಟರ್ ಎತ್ತುವ ಮುಂಚೆ ಹಳೆಯ ನೋಟಿಸುಗಳೇನಾದರೂ ಇವೆಯೇ ಎಂದು ಪೋರ್ಟಲ್ ತೆಗೆಸಿ ನೋಡುವುದು ಒಳ್ಳೆಯದು.

ಹೋಟೆಲು, ಬೇಕರಿಯವರಿಗೆ ಇನ್ನೊಂದು ಗಡುವಿದೆ. ಆಹಾರ ಸುರಕ್ಷತಾ ಲೈಸೆನ್ಸ್ ಮಾಲೀಕರ ಮರಣದ ನಂತರ 90 ದಿನ ವಾರಸುದಾರರ ಪರವಾಗಿ ಉಸಿರಾಡುತ್ತದೆ. ಅಷ್ಟರೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಟ್ಟಿರಬೇಕು. ಮಳಿಗೆ ಬಾಡಿಗೆಯದಾದರೆ ಕರಾರುಪತ್ರದಲ್ಲಿ ‘ಮತ್ತು ಅವರ ವಾರಸುದಾರರು’ ಎಂಬ ಮಾತು ಇದೆಯೇ ನೋಡಿಕೊಳ್ಳಿ. 14 ಚದರ ಮೀಟರ್‌ಗಿಂತ ದೊಡ್ಡ ವ್ಯಾಪಾರಿ ಮಳಿಗೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ಆಸರೆಯೇ ಇಲ್ಲ. ಅಲ್ಲಿ ನಡೆಯುವುದು ಕರಾರಿನ ಮಾತು, ಅದಿಲ್ಲದಿದ್ದರೆ ಕಟ್ಟಡದ ಮಾಲೀಕರ ಮರ್ಜಿ.

ಬ್ಯಾಂಕಿನ ವಿಷಯದಲ್ಲಿ ಎಷ್ಟೋ ಮನೆಗಳು ಮಾಡುವ ಕೆಲಸವೊಂದಿದೆ. ಅಪ್ಪನ ಎಟಿಎಂ ಪಿನ್ ಗೊತ್ತು, ಫೋನು ಕೈಯಲ್ಲೇ ಇದೆ, ಓಟಿಪಿ ಬರುತ್ತದೆ. ಸಪ್ಲೈಯರಿಗೆ ಕೊಡಬೇಕಾದ್ದನ್ನು ಹಾಗೆಯೇ ಕಳಿಸುತ್ತಾ ಹೋಗುತ್ತಾರೆ. ದುರುದ್ದೇಶ ಏನೂ ಇರುವುದಿಲ್ಲ. ಆದರೆ ಅಕ್ಕನೋ ಭಾವನೋ ನಾಳೆ ಲೆಕ್ಕ ಕೇಳಿದಾಗ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸಾವಿನ ದಿನಾಂಕದ ನಂತರದ ಪ್ರತಿಯೊಂದು ಸಾಲಿಗೂ ಉತ್ತರ ಕೊಡಬೇಕಾಗುತ್ತದೆ. ಏಕಮಾಲೀಕತ್ವದ ಕರೆಂಟ್ ಖಾತೆಗೂ ನಾಮಿನಿ ಹೆಸರಿಸಬಹುದು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳಿಗೆ ಅವಕಾಶವಿದೆ. ನಾಮಿನಿ ಎಂದರೆ ಒಡೆಯ ಎಂದು ತಿಳಿಯುವುದು ಮಾತ್ರ ತಪ್ಪು. ಬ್ಯಾಂಕಿನಿಂದ ದುಡ್ಡು ಪಡೆದು ಹಕ್ಕುಳ್ಳ ವಾರಸುದಾರರಿಗೆ ಮುಟ್ಟಿಸುವುದಷ್ಟೇ ಅವರ ಕೆಲಸ. ಕಂಪನಿ ಷೇರುಗಳ ವಿಷಯದಲ್ಲೂ ಇದೇ ಮಾತು ಎಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ಉದ್ರಿ ಪುಸ್ತಕ. ಹಳ್ಳಿಗಳಿಗೆ ವ್ಯಾಪಾರ ಇಟ್ಟುಕೊಂಡ ಅಂಗಡಿಯಲ್ಲಿ ಸರಕಿಗಿಂತ ಹೆಚ್ಚಿನ ದುಡ್ಡು ಈ ಪುಸ್ತಕದಲ್ಲಿರುತ್ತದೆ. ‘ಯಜಮಾನರಿಗೆ ಕೊಟ್ಟುಬಿಟ್ಟಿದ್ದೆನಲ್ಲಪ್ಪ’ ಎಂದು ಯಾರಾದರೂ ಕೈ ಆಡಿಸಿದರೆ ಮಗ ಏನು ಮಾಡಬೇಕು? ಕೋರ್ಟಿಗೆ ಹೋದರೆ, ತೀರಿಕೊಂಡವರಿಗೆ ಬರಬೇಕಿದ್ದ ಸಾಲಕ್ಕೆ ಡಿಕ್ರಿ ಕೊಡುವ ಮೊದಲು ನ್ಯಾಯಾಲಯ ಸಕ್ಸೆಷನ್ ಸರ್ಟಿಫಿಕೇಟನ್ನೋ, ವಿಲ್ ಇದ್ದರೆ ಅದಕ್ಕೆ ಕೋರ್ಟು ಕೊಡುವ ದೃಢೀಕರಣವಾದ ಪ್ರೊಬೇಟನ್ನೋ ಕೇಳುತ್ತದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ನಿಯಮವಿದು. ನಾಡಕಚೇರಿಯಿಂದ ತಂದ ವಂಶವೃಕ್ಷ ಇಲ್ಲಿ ಸಾಲದು. ಈ ನಡುವೆ ಮೂರು ವರ್ಷದ ವಾಯಿದೆಯೂ ಓಡುತ್ತಿರುತ್ತದೆ. ಯಜಮಾನರು ಇರುವಾಗಲೇ ದೊಡ್ಡ ಬಾಕಿಗಳಿಗೆ ವರ್ಷಕ್ಕೊಮ್ಮೆ ಗಿರಾಕಿಯ ರುಜು ಹಾಕಿಸಿದ್ದರೆ ವಾಯಿದೆ ಹೊಸದಾಗಿ ಎಣಿಕೆಯಾಗುತ್ತದೆ, ತಕರಾರಿಗೂ ಜಾಗ ಕಡಿಮೆ.

ಇಷ್ಟೆಲ್ಲ ತೊಡಕಿಗೂ ವಿಲ್ ಒಂದೇ ಮದ್ದು ಎಂಬ ನಂಬಿಕೆ ನನಗಿಲ್ಲ. ವಿಲ್ ಹೇಳುವುದು ಯಾವುದು ಯಾರಿಗೆ ಎಂದು. ನಾಳೆ ಬೆಳಿಗ್ಗೆ ಚೆಕ್ಕಿಗೆ ಸಹಿ ಯಾರು ಹಾಕಬೇಕು ಎಂಬುದಕ್ಕೆ ಉತ್ತರ ಬೇಕಾದರೆ ವ್ಯವಹಾರದ ರೂಪವನ್ನೇ ಬದಲಿಸಬೇಕು, ಅದೂ ಯಜಮಾನರ ಕೈಯಲ್ಲಿ ಕಸುವಿರುವಾಗ. ಪಾಲುದಾರಿಕೆ ಸಂಸ್ಥೆಗೆ ತನ್ನದೇ ಪ್ಯಾನ್ ಇರುತ್ತದೆ. ಒಬ್ಬರು ಹೋದರೂ ಜಿಎಸ್‌ಟಿ ನಂಬರು, ಬ್ಯಾಂಕ್ ಖಾತೆ ಉಳಿಯುತ್ತವೆ. ಇದಕ್ಕೊಂದು ಷರತ್ತಿದೆ. 1932ರ ಪಾಲುದಾರಿಕೆ ಕಾಯ್ದೆಯಂತೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಒಬ್ಬ ಪಾಲುದಾರನ ಸಾವಿನೊಡನೆ ಸಂಸ್ಥೆಯೂ ವಿಸರ್ಜನೆ. ಅಪ್ಪ–ಮಗ ಇಬ್ಬರೇ ಇದ್ದರೆ ಕರಾರಿನಲ್ಲಿ ಏನೇ ಬರೆದರೂ ಪ್ರಯೋಜನವಿಲ್ಲ, ಉಳಿದ ಒಬ್ಬನಿಂದ ಪಾಲುದಾರಿಕೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿಯಾಗಿದೆ. ಸೊಸೆಯನ್ನೋ ಮಗಳನ್ನೋ ಸೇರಿಸಿ ಮೂವರಾಗಿ. ಸಾಲದ ಹೊಣೆ ಮೂವರ ಮೇಲೂ ಪೂರ್ತಿ ಬೀಳುತ್ತದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಿ. ಆ ಹೊಣೆ ಬೇಡವೆಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಇದೆ. ಒಬ್ಬರೇ ನಡೆಸುವ ಒಪಿಸಿ ಕಂಪನಿಯಲ್ಲಂತೂ ಮಾಲೀಕರ ನಂತರ ಯಾರು ಎಂದು ಸ್ಥಾಪಿಸುವಾಗಲೇ ನಾಮಿನಿಯ ಹೆಸರು ಬರೆಯಬೇಕು. ಪ್ರತಿವರ್ಷ ಆಡಿಟ್, ಕಂಪನಿ ರಿಜಿಸ್ಟ್ರಾರ್ ಕಚೇರಿಗೆ ಲೆಕ್ಕ ಸಲ್ಲಿಕೆ ಇತ್ಯಾದಿ ಖರ್ಚು ನೋಡಿದರೆ ಬಸ್ ಸ್ಟ್ಯಾಂಡ್ ರಸ್ತೆಯ ಅಂಗಡಿಗೆ ಮೂವರ ಪಾಲುದಾರಿಕೆಯೇ ಸಾಕೆನಿಸುತ್ತದೆ.

ಹಾಗೆಂದು ವಿಲ್ ಬೇಡವೆಂದಲ್ಲ. ಅದಕ್ಕೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ (ಮಾಡಿಸಿದರೆ ಒಳ್ಳೆಯದು), ಕರ್ನಾಟಕದಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟೂ ಕಡ್ಡಾಯವಲ್ಲ. ಬರೆದವರ ಸಹಿ, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇದ್ದರಾಯಿತು. ಸಾಕ್ಷಿಗಳು ನಿಮಗಿಂತ ಚಿಕ್ಕವರಿರಲಿ, ಮುಂದೆ ಕೋರ್ಟಿನಲ್ಲಿ ನುಡಿಯಬೇಕಾದವರು ಅವರು. ಲಾಭ ಪಡೆಯುವ ಮಗನೇ ಮುಂದೆ ನಿಂತು ವಿಲ್ ಬರೆಸಿದರೆ ಅನುಮಾನಕ್ಕೆ ಎಡೆಯಾಗುತ್ತದೆ. ಆ ಅನುಮಾನ ನೀಗಿಸುವ ಭಾರವೂ ಅವನದೇ. ಈ ಸೂತ್ರವನ್ನು ಗಟ್ಟಿಮಾಡಿದ್ದು ನಮ್ಮ ಮೈಸೂರು ಸೀಮೆಯಿಂದ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಪ್ರಕರಣ. 1958ರ ಆ ತೀರ್ಪನ್ನು ದೇಶದ ವಕೀಲರು ಇಂದಿಗೂ ಉಲ್ಲೇಖಿಸುತ್ತಾರೆ. ಮುಸ್ಲಿಮರಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಆಸ್ತಿಗೆ ವಿಲ್ ನಡೆಯುವುದಿಲ್ಲ. ಅಂದಹಾಗೆ, ಯೂಟ್ಯೂಬ್ ನೋಡಿ ಸಾವಿನ ತೆರಿಗೆಗೆ ಹೆದರುವವರಿದ್ದಾರೆ. ನಮ್ಮಲ್ಲಿ ಆ ತೆರಿಗೆ 1985ರಲ್ಲೇ ರದ್ದಾಗಿದೆ.

ವಿಲ್ ಇಲ್ಲದೆ ಹಿಂದೂ ಯಜಮಾನರು ತೀರಿಕೊಂಡರೆ ಅವರ ಸ್ವಂತ ದುಡಿಮೆಯ ಅಂಗಡಿ ಹೆಂಡತಿಗೆ, ಗಂಡು-ಹೆಣ್ಣು ಮಕ್ಕಳಿಗೆ, ಬದುಕಿದ್ದರೆ ಅವರ ತಾಯಿಗೂ ಸಮಪಾಲಾಗಿ ಹೋಗುತ್ತದೆ. ಮುದುಕಿ ತಾಯಿಯ ಪಾಲು ಎಲ್ಲರೂ ಮರೆಯುವಂಥದ್ದು. ಈಗ ಕಷ್ಟದ ಜಾಗಕ್ಕೆ ಬಂದೆವು. ಇಪ್ಪತ್ತು ವರ್ಷದಿಂದ ಸಂಬಳವಿಲ್ಲದೆ ಅಂಗಡಿಯಲ್ಲಿ ನಿಂತವನು ಒಬ್ಬ ಮಗ. ಬೆಂಗಳೂರಿನಲ್ಲಿ ನೌಕರಿ ಮಾಡುವ ಅಣ್ಣ, ಮದುವೆಯಾಗಿ ಹೋದ ತಂಗಿ ಇದ್ದಾರೆ. ಸಮಪಾಲು ಎಂದರೆ ನಿಂತವನಿಗೆ ಅನ್ಯಾಯ. ಎಲ್ಲ ಅವನಿಗೇ ಎಂದರೆ ತಂಗಿಗೆ ಅನ್ಯಾಯ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು. ಆದರೂ ‘ಅರಿಶಿನ ಕುಂಕುಮಕ್ಕೆ’ ಎಂದು ಸ್ವಲ್ಪ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ರೂಢಿ ನಿಂತಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೆಯ ಸೆಕ್ಷನ್ ಇಲ್ಲೊಂದು ದಾರಿ ಬಿಟ್ಟಿದೆ. ವ್ಯಾಪಾರ ಹಲವು ವಾರಸುದಾರರಿಗೆ ಬಂದು, ಒಬ್ಬರು ತಮ್ಮ ಪಾಲು ಮಾರಲು ಹೊರಟರೆ ಕೊಳ್ಳುವ ಮೊದಲ ಹಕ್ಕು ಉಳಿದವರಿಗೆ. ಬೆಲೆ ಕುದುರದಿದ್ದರೆ ಕೋರ್ಟ್ ನಿಗದಿ ಮಾಡುತ್ತದೆ. ಹೊರಗಿನವರು ಗಲ್ಲಾದಲ್ಲಿ ಬಂದು ಕೂರದಂತೆ ಇದು ತಡೆಯುತ್ತದೆ. ತಂಗಿಯ ಪಾಲು ಕೊಳ್ಳಲು ಮಗನ ಹತ್ತಿರ ದುಡ್ಡಿರಬೇಕಲ್ಲ?

ಆ ದುಡ್ಡಿನ ಮೂಲವನ್ನು ಯಜಮಾನರೇ ಮಾಡಿಟ್ಟರೆ ಜಗಳದ ಅರ್ಧ ಮುಗಿಯಿತು. ಅಂಗಡಿ ದುಡಿಯುವ ಮಗನಿಗೆ, ಸೈಟು ಅಣ್ಣನಿಗೆ, ತಂಗಿಯ ಪಾಲನ್ನು ಮಗ ಐದು ವರ್ಷದಲ್ಲಿ ಕಂತಾಗಿ ಕೊಡತಕ್ಕದ್ದು ಎಂದು ವಿಲ್‌ನಲ್ಲೇ ಬರೆಯಬಹುದು. ಹೆಂಡತಿಗೆ ಮತ್ತು ಮಗಳಿಗೆಂದು 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಜೀವವಿಮೆ ಮಾಡಿಸಬಹುದು. ಹಾಗೆ ಮಾಡಿಸಿದ ಪಾಲಿಸಿಯ ಹಣ ಅವರ ಹೆಸರಿನ ಟ್ರಸ್ಟ್ ಆಗಿ ನಿಲ್ಲುತ್ತದೆ. ಸಾಲ ಕೊಟ್ಟವರಿಗೆ ಮೋಸ ಮಾಡಲೆಂದೇ ಕಟ್ಟಿದ್ದು ಎಂದು ಸಾಬೀತಾಗದ ಹೊರತು ಸಿಸಿ ಸಾಲದ ಬಾಕಿಗೆ ಬ್ಯಾಂಕು ಅದನ್ನು ಮುಟ್ಟುವಂತಿಲ್ಲ. ಆದರೆ ಅರ್ಜಿ ತುಂಬುವ ದಿನವೇ ಏಜೆಂಟರಿಗೆ ಹೇಳಿ ಈ ಕಾಯ್ದೆಯ ಹೆಸರು ಬರೆಸಬೇಕು. ಬೀರುವಿನಲ್ಲಿರುವ ಹಳೆಯ ಪಾಲಿಸಿಯನ್ನು ಆಮೇಲೆ ಇದರಡಿ ತರಲು ಬರುವುದಿಲ್ಲ.