ಶರಾವತಿ ಹಿನ್ನೀರಿನಲ್ಲಿ ಬ್ರಹ್ಮಾಂಡದ ಬೆಳಗಿನ ಹುಡುಕಾಟ

ಮುಂಬೈಯಲ್ಲಿರಲಿ, ದೆಹಲಿಯಲ್ಲಿರಲಿ, ನಾವು ಕೇಳುವ ಎಫ್‌ಎಂ ರೇಡಿಯೊ ಬರುವುದು 88ರಿಂದ 108 ಮೆಗಾಹರ್ಟ್ಸ್ ನಡುವೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಸಂಕೇತವೂ ಇದರ ಆಸುಪಾಸಿನಲ್ಲೇ ಅಡಗಿದೆ ಎಂಬುದು ಖಗೋಳ ವಿಜ್ಞಾನಿಗಳ ಲೆಕ್ಕ. ಅದನ್ನು ಹುಡುಕುತ್ತ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಹೋದದ್ದು ನಮ್ಮ ನಾಡಿನ ಕೆರೆ, ಹಿನ್ನೀರುಗಳಿಗೆ.

ಮಹಾಸ್ಫೋಟವಾಗಿ ಸುಮಾರು 3.8 ಲಕ್ಷ ವರ್ಷಗಳಾದಾಗ ಹೈಡ್ರೋಜನ್ ಪರಮಾಣುಗಳು ರೂಪುಗೊಂಡವು. ಆಮೇಲೆ ಕೋಟ್ಯಂತರ ವರ್ಷ ಕತ್ತಲು; ಒಂದು ನಕ್ಷತ್ರವೂ ಇರಲಿಲ್ಲ. ಆದರೆ ಹೈಡ್ರೋಜನ್ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯನ್ನು ಹೀರುತ್ತದೆ, ಸೂಸುತ್ತದೆ. ಬ್ರಹ್ಮಾಂಡ ಹಿಗ್ಗಿದಂತೆ ಆ ಅಲೆಯೂ ಹಿಗ್ಗಿ, ನಮ್ಮನ್ನು ಮುಟ್ಟುವಾಗ ಹಲವು ಮೀಟರ್ ಉದ್ದವಾಗಿರುತ್ತದೆ. ಎಷ್ಟು ಹಿಗ್ಗಿದೆ ಎಂದು ಅಳೆದರೆ ಎಷ್ಟು ಹಳೆಯದು ಎಂದು ತಿಳಿಯುತ್ತದೆ.

2018ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿದ್ದ 'ಎಡ್ಜಸ್' ಪ್ರಯೋಗದ ಅಮೆರಿಕನ್ ತಂಡ 78 ಮೆಗಾಹರ್ಟ್ಸ್‌ನಲ್ಲಿ ಇಂಥ ಸಂಕೇತ ಸಿಕ್ಕಿದೆ ಎಂದು ಪ್ರಕಟಿಸಿತು. ಅದು ನಿರೀಕ್ಷೆಗಿಂತ ಎರಡು ಪಟ್ಟಿಗೂ ಹೆಚ್ಚು ಗಾಢವಾಗಿತ್ತು. ನಿಜವೇ ಆಗಿದ್ದರೆ ಭೌತಶಾಸ್ತ್ರದ ಪಾಠವನ್ನೇ ತಿದ್ದಬೇಕಿತ್ತು. ಕಪ್ಪು ದ್ರವ್ಯದ ಬಗ್ಗೆ ಹೊಸ ಸಿದ್ಧಾಂತಗಳೂ ಹುಟ್ಟಿಕೊಂಡವು.

ಪರೀಕ್ಷಿಸಿ ನೋಡುವುದು ಸುಲಭವಲ್ಲ. ನಮ್ಮ ಆಕಾಶಗಂಗೆಯ ರೇಡಿಯೊ ಸದ್ದೇ ಈ ಸಂಕೇತಕ್ಕಿಂತ ಸಾವಿರಾರು ಪಟ್ಟು ಜೋರು. ಸಾಲದ್ದಕ್ಕೆ, ಆಂಟೆನಾದ ಕೆಳಗಿನ ನೆಲದಲ್ಲಿ ಮಣ್ಣು, ಕಲ್ಲು, ತೇವದ ಪದರಗಳಿದ್ದು, ಅವುಗಳಿಂದಲೂ ಸುಳ್ಳು ಏರಿಳಿತ ಬರಬಹುದು. ನೀರಾದರೆ ಎಲ್ಲೆಡೆ ಒಂದೇ ಸಮ. ಹಾಗಾಗಿ 2020ರ ಆರಂಭದಲ್ಲಿ 'ಸರಸ್-3' ಎಂಬ ಶಂಕುವಿನಾಕಾರದ ಆಂಟೆನಾವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು.

ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರ ಫಲಿತಾಂಶ 2022ರಲ್ಲಿ 'ನೇಚರ್ ಆಸ್ಟ್ರಾನಮಿ'ಯಲ್ಲಿ ಬಂತು. ಎಡ್ಜಸ್ ಹೇಳಿದ ಆಕಾರದ ಸಂಕೇತ ಅಲ್ಲಿ ಕಾಣಲಿಲ್ಲ, ಅದನ್ನು ಶೇ. 95.3 ವಿಶ್ವಾಸದೊಂದಿಗೆ ತಳ್ಳಿಹಾಕಿದರು.

'ಇಲ್ಲ' ಎನ್ನುವ ಉತ್ತರಕ್ಕೆ ಚಪ್ಪಾಳೆ ಕಡಿಮೆ. ಆದರೆ ತಪ್ಪು ಸಂಕೇತದ ಮೇಲೆ ಸಿದ್ಧಾಂತದ ಮಹಡಿ ಕಟ್ಟುತ್ತ ಹೋಗುವುದನ್ನು ತಡೆಯುವುದು ಇಂಥ 'ಇಲ್ಲ'ವೇ. ನಿಜವಾದ ಸಂಕೇತದ ಹುಡುಕಾಟ ನಿಂತಿಲ್ಲ. ಭೂಮಿಯ ರೇಡಿಯೊ ಗದ್ದಲ ಮುಟ್ಟದ ಚಂದ್ರನ ಹಿಂಬದಿಯಲ್ಲಿ ಆಲಿಸಲು ಅದೇ ಸಂಸ್ಥೆ 'ಪ್ರತುಷ್' ಎಂಬ ಉಪಕರಣವನ್ನು ರೂಪಿಸುತ್ತಿದೆ. ಕೆರೆಯಲ್ಲಿ ಕಲಿತ ಪಾಠ ಅಲ್ಲಿಗೂ ಬೇಕಾಗುತ್ತದೆ.