ಕೂರಲು ಜಾಗವಿಲ್ಲದ ಕಾರು

ಕತ್ತಲಲ್ಲಿ ಓಡುತ್ತಿರುವ ಯುವಕ ಕೈಲಿದ್ದ ಮೋಟು ಕೋಲನ್ನು ಎರಡಾಗಿ ಎಳೆದು ಮುಂದಕ್ಕೆ ಜಿಗಿಯುತ್ತಾನೆ. ಅವನು ನೆಲ ಮುಟ್ಟುವುದರೊಳಗೆ ಗಾಳಿಯಲ್ಲಿ ಬೆಳಕಿನ ಗೆರೆಗಳೇಳುತ್ತವೆ. ಗೆರೆಗಳ ನಡುವೆ ಕಪ್ಪು ಮೈ ತುಂಬಿಕೊಳ್ಳುತ್ತದೆ. ಕಡ್ಡಿಗಳಿಲ್ಲದೆ, ನಡುವೆ ಬಯಲು ಬಿಟ್ಟುಕೊಂಡ ಎರಡು ದೊಡ್ಡ ಚಕ್ರಗಳು ತಿರುಗತೊಡಗುತ್ತವೆ. ಸವಾರ ಅದರ ಮೇಲೆ ಕೂರುವುದಿಲ್ಲ, ಮಲಗುತ್ತಾನೆ. ಮುಂಚಕ್ರದಿಂದ ಹೊರಟ ಬಾಗು ಅವನ ಶಿರಸ್ತ್ರಾಣವನ್ನೂ ಬೆನ್ನನ್ನೂ ಸವರಿಕೊಂಡು ಹಿಂಚಕ್ರಕ್ಕೆ ಇಳಿಯುತ್ತದೆ. ಅವನನ್ನು ತೆಗೆದುಬಿಟ್ಟರೆ ಆ ಗೆರೆ ಅಲ್ಲಿಗೇ ತುಂಡಾಗುತ್ತದೆ.

2010ರ ‘ಟ್ರಾನ್: ಲೆಗಸಿ’ ಚಿತ್ರದ ಈ ಲೈಟ್ ಸೈಕಲ್‌ಗೆ ರೂಪ ಕೊಟ್ಟವರು ಡೇನಿಯಲ್ ಸೈಮನ್. ಇದಕ್ಕೊಂದು ಹಿನ್ನೆಲೆಯಿದೆ. 1982ರ ಮೊದಲ ‘ಟ್ರಾನ್’ ಚಿತ್ರಕ್ಕೆ ಈ ವಾಹನವನ್ನು ಬರೆದವರು ಸಿಡ್ ಮೀಡ್. ಫೋರ್ಡ್ ಕಂಪನಿಯ ವಿನ್ಯಾಸ ವಿಭಾಗದಲ್ಲಿ ದುಡಿದು ಬಂದು, ‘ಬ್ಲೇಡ್ ರನ್ನರ್’ನ ಹಾರುವ ಕಾರುಗಳನ್ನೂ ಕಲ್ಪಿಸಿದವರು. ಅವರ ಮೊದಲ ರೇಖಾಚಿತ್ರಗಳಲ್ಲಿ ಸವಾರ ಹೊರಗೆ ಕಾಣುತ್ತಿದ್ದ. ಮನುಷ್ಯನ ಮೈಯ ಏರಿಳಿತ ಅಂದಿನ ಕಂಪ್ಯೂಟರ್‌ಗಳ ಕೈಗೆ ಸಿಗುವಂಥದ್ದಾಗಿರಲಿಲ್ಲ. ಹಾಗಾಗಿ ತೆರೆಯ ಮೇಲೆ ಸವಾರ ಮುಚ್ಚಳದೊಳಗೆ ಅಡಗಿಹೋದ. ಇಪ್ಪತ್ತೆಂಟು ವರ್ಷಗಳ ಮೇಲೆ ಸೈಮನ್ ಆ ಮುಚ್ಚಳ ತೆಗೆದರು. ಹಿರಿಯನ ಕೈಯಲ್ಲಿ ಅರ್ಧಕ್ಕೆ ನಿಂತ ಗೆರೆಯನ್ನು ಕಿರಿಯನೊಬ್ಬ ಇಷ್ಟು ಗೌರವದಿಂದ ಮುಂದುವರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೈಮನ್ ಓದಿದ್ದು ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ. ಅದು ಚಿನ್ನದ ಒಡವೆಗೂ ಕೈಗಡಿಯಾರಕ್ಕೂ ಹೆಸರಾದ ಊರು; ಅಲ್ಲಿನ ವಿನ್ಯಾಸ ಶಾಲೆಯಿಂದ ಹೊರಬಿದ್ದವರು ಜಗತ್ತಿನ ಕಾರು ಕಂಪನಿಗಳಲ್ಲೆಲ್ಲ ಇದ್ದಾರೆ. ಫೋಕ್ಸ್‌ವ್ಯಾಗನ್ ಸಮೂಹದಲ್ಲಿ, ಬುಗಾಟಿಗಾಗಿ, ಕೆಲಸ ಮಾಡಿದ ಸೈಮನ್ 2007ರಲ್ಲಿ ‘ಕಾಸ್ಮಿಕ್ ಮೋಟರ್ಸ್’ ಎಂಬ ಪುಸ್ತಕ ತಂದರು. ಇಲ್ಲದ ನಕ್ಷತ್ರಲೋಕವೊಂದರ, ಇಲ್ಲದ ಕಂಪನಿಯ ವಾಹನಗಳು ಅದರ ತುಂಬ. ಒಂದೊಂದಕ್ಕೂ ಹೆಸರಿದೆ, ಕಥೆಯಿದೆ, ನಡೆಸುವವರೂ ಇದ್ದಾರೆ.

ಆ ಪುಟಗಳಲ್ಲಿ ಕೆಲಸದ ದಾರಿಯೂ ತೆರೆದಿದೆ. ಮೊದಲು ಪೆನ್ಸಿಲ್ಲು. ಕಾರು ಬರೆಯುವವರ ಕೈ ಸಾಮಾನ್ಯವಾಗಿ ಚಕ್ರಗಳಿಂದ ಶುರುವಾಗುತ್ತದೆ: ಎರಡು ವೃತ್ತ, ಅವುಗಳ ನಡುವಿನ ದೂರ. ಆ ದೂರ ನಿಂತಿತೆಂದರೆ ಕಾರಿನ ನಿಲುವೂ ಅರ್ಧ ನಿಂತ ಹಾಗೆ. ಆಮೇಲೆ ಏಲಿಯಸ್ ಎಂಬ ತಂತ್ರಾಂಶ, ಕಾರು ಕಂಪನಿಗಳು ನಿಜವಾದ ಕಾರುಗಳಿಗೆ ಬಳಸುವಂಥದ್ದೇ. ಪರದೆಯ ಮೇಲೆ ಒಂದೊಂದೇ ವಕ್ರರೇಖೆ ಎಳೆದು, ಅವುಗಳ ನಡುವೆ ತೆಳುವಾದ ಹೊದಿಕೆ ಹಾಸಬೇಕು. ಕಷ್ಟ ಇರುವುದು ಇಲ್ಲೇ. ಎರಡು ಹೊದಿಕೆಗಳು ಸೇರುವ ಕಡೆ ಕಣ್ಣಿಗೆ ಕಾಣದ ಸಣ್ಣ ಮಡಿಕೆ ಉಳಿದರೂ ಬಣ್ಣ ಹಚ್ಚಿದಾಗ ಮೈಮೇಲಿನ ಹೊಳಪು ಅಲ್ಲಿ ಮುರಿಯುತ್ತದೆ. ಅದನ್ನು ಹಿಡಿಯಲು ಇಡೀ ಕಾರಿನ ಮೇಲೆ ಕಪ್ಪು ಬಿಳಿ ಪಟ್ಟೆಗಳನ್ನು ಹಾಯಿಸುತ್ತಾರೆ. ಸ್ಟೀಲ್ ತಟ್ಟೆಯನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದರೆ ಎಲ್ಲಿ ತಗ್ಗಾಗಿದೆಯೋ ಅಲ್ಲಿ ಬೆಳಕಿನ ಗೆರೆ ಡೊಂಕಾಗುತ್ತದಲ್ಲ, ಹಾಗೆ. ಪಟ್ಟೆ ಬಳುಕಿದಲ್ಲಿ ಮತ್ತೆ ರೇಖೆ ಬಿಚ್ಚಬೇಕು, ಮತ್ತೆ ಎಳೆಯಬೇಕು. ಎಂದೂ ರಸ್ತೆಗಿಳಿಯದ ಕಾರಿಗೆ ಇಷ್ಟು ಪಾಡೇಕೆ ಎಂದರೆ, ಈ ಪಾಡಿಲ್ಲದೆ ಅದು ರಸ್ತೆಗಿಳಿಯಬಲ್ಲದೆಂದು ನೋಡುವವರು ನಂಬುವುದಿಲ್ಲ.

ಕಲ್ಪನೆಗೆ ಇಂಧನ ಮಾತ್ರ ಹೆಚ್ಚಾಗಿ ಹಳತರಿಂದಲೇ ಬರುತ್ತದೆ. 2013ರ ‘ಒಬ್ಲಿವಿಯನ್’ ಚಿತ್ರದ ಬಿಳಿಯ ಬಬಲ್‌ಶಿಪ್ ನೋಡಿ. ನಿರ್ದೇಶಕ ಜೋಸೆಫ್ ಕೊಸಿನ್ಸ್ಕಿಯ ಮನಸ್ಸಿನಲ್ಲಿದ್ದುದು 1940ರ ದಶಕದ ಬೆಲ್ 47 ಹೆಲಿಕಾಪ್ಟರ್. ನ್ಯೂಯಾರ್ಕ್‌ನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಅಂಥದ್ದೊಂದನ್ನು ಕಲಾಕೃತಿಯೆಂದೇ ತೂಗುಹಾಕಿದ್ದಾರೆ. ಅದರ ಗಾಜಿನ ಗುಳ್ಳೆ ಸೈಮನ್‌ರ ಕೈಯಲ್ಲಿ ಮುಂದಿನ ಕಾಲಕ್ಕೆ ಹಾರಿತು. ಪೂರ್ಣಗಾತ್ರದಲ್ಲಿ ಅದನ್ನು ಕಟ್ಟಿ, ನಟರನ್ನು ನಿಜವಾಗಿಯೂ ಒಳಗೆ ಕೂರಿಸಿದರು. ಸುತ್ತಲೂ ಗಾಜು, ನಡುವೆ ಮನುಷ್ಯ. ಎಲ್ಲಿಂದ ನೋಡಿದರೂ ಅವನು ಕಾಣಲೇಬೇಕು.

ಹೀಗೆ ಸವಾರನನ್ನು ನಡುವೆಯೇ ಇಟ್ಟು ಬರೆದ ಕಲಾವಿದನಿಗೆ ಮುಂದೆ ಬಂದ ಕೆಲಸ ಯಾವುದು ಗೊತ್ತೆ? ಚಾಲಕನೇ ಇಲ್ಲದ ರೇಸ್ ಕಾರು. ರೋಬೋರೇಸ್ ಸಂಸ್ಥೆಯ ರೋಬೋಕಾರ್ 2017ರಲ್ಲಿ ಬಾರ್ಸಿಲೋನಾದಲ್ಲಿ ಅನಾವರಣಗೊಂಡಿತು. ರೇಸ್ ಕಾರಿನ ಆಕಾರವನ್ನು ಎಂದಿನಿಂದಲೂ ನಿರ್ಧರಿಸುತ್ತ ಬಂದದ್ದು ಚಾಲಕನ ದೇಹ. ಅವನ ತಲೆ ಎಷ್ಟು ಎತ್ತರ, ಕಾಲು ಎಲ್ಲಿಗೆ ಚಾಚಬೇಕು, ಅಪಘಾತವಾದರೆ ಅವನನ್ನು ಕಾಯುವ ಗೂಡು ಎಷ್ಟು ದಪ್ಪ. ಇಲ್ಲಿ ಅದಾವುದೂ ಇಲ್ಲ. ತೆರವಾದ ಜಾಗವನ್ನು ಸೈಮನ್ ಗಾಳಿಗೆ ಕೊಟ್ಟರು. ನಡುವಿನ ಒಡಲು ನೆಲಕ್ಕೆ ಅಂಟಿದಂತೆ ಸಣಕಲಾಯಿತು. ಇಕ್ಕೆಲದಲ್ಲಿ ಗಾಳಿ ಹರಿಯಲು ಆಳವಾದ ಕಣಿವೆಗಳಾದವು. ನಾಲ್ಕು ಚಕ್ರಗಳು ಮೈಯಿಂದ ದೂರ ಸರಿದು ನಿಂತವು.

2018ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಗುಡ್‌ವುಡ್ ಉತ್ಸವದಲ್ಲಿ ಈ ಕಾರು ಹುಲ್ಲಿನ ಪಿಂಡಿಗಳ ನಡುವಿನ ಇಕ್ಕಟ್ಟು ದಿಬ್ಬವನ್ನು ತಾನಾಗಿಯೇ ಹತ್ತಿತು. ಆ ದಿಬ್ಬವನ್ನು ಚಾಲಕನಿಲ್ಲದೆ ಹತ್ತಿದ ಮೊದಲ ರೇಸ್ ಕಾರು ಅದು. ಅದರ ಚೆಲುವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ಅದರ ಚಿತ್ರ ನೋಡಿದಾಗಲೆಲ್ಲ ನನ್ನ ಕಣ್ಣು ಚಕ್ರಗಳ ನಡುವೆ ಒಂದು ಸೀಟನ್ನು ಹುಡುಕುತ್ತದೆ. ಸೈಮನ್ ಅದನ್ನು ಎಲ್ಲಿ ಇಡುತ್ತಿದ್ದರೆಂಬ ಕುತೂಹಲ ನನಗೆ ಇನ್ನೂ ಇದೆ.